ಮೂರು ತಲೆ, ಒಂದು ಮೈಕ್ರೋಸ್ಕೋಪ್

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯೊಂದರಲ್ಲಿ ಕಳೆದ ಡಿಸೆಂಬರಿನಲ್ಲಿ 1,100 ರೂಪಾಯಿಗೆ ಕೊಂಡ ಯುಎಸ್‌ಬಿ ಮೈಕ್ರೋಸ್ಕೋಪನ್ನು ನಾಲ್ಕು ತಿಂಗಳ ಕಾಲ ಮನೆಯ ಮೂರು ತಲೆಗಳ ಮೇಲೆ ಬಳಸಿ ನೋಡಿದ್ದೇನೆ. ಮೊಬೈಲ್ ರಿಪೇರಿ ಮಾಡುವವರು ಬೋರ್ಡಿನ ಮೇಲಿನ ಬೆಸುಗೆಯನ್ನು ಪರೀಕ್ಷಿಸಲು ಕೊಳ್ಳುವ ಸಾಮಾನು ಇದು. ನಾನು ಕೊಂಡದ್ದು ಇಪ್ಪತ್ತು ವರ್ಷದ ಮಗನ ನೆತ್ತಿಯ ಸುಳಿಯನ್ನು ನೋಡಲು. ಡೊಂಬಿವಲಿಯಿಂದ ದಾದರಿಗೆ ಬಂದು, ಅಲ್ಲಿ ಗಾಡಿ ಬದಲಿಸಿ, ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಒಂದಿಡೀ ಮಧ್ಯಾಹ್ನವನ್ನು ಅದಕ್ಕಾಗಿ ಕಳೆಯುವ ಪ್ರಸಂಗ ಹೇಗೆ ಬಂತೆಂಬುದನ್ನು ಮೊದಲು ಹೇಳದಿದ್ದರೆ, ಈ ಉಪಕರಣದ ಗುಣವೂ ದೋಷವೂ ಓದುವವರಿಗೆ ಸರಿಯಾಗಿ ತಿಳಿಯುವುದಿಲ್ಲ.

ನವೆಂಬರಿನಲ್ಲಿ ಮಗ ಸ್ನೇಹಿತರೊಂದಿಗೆ ಮಾಲ್ ಒಂದಕ್ಕೆ ಹೋಗಿದ್ದಾಗ, ಅಲ್ಲಿನ ಕೂದಲು ಚಿಕಿತ್ಸೆಯ ಮಳಿಗೆಯವರು ‘ಉಚಿತ ತಪಾಸಣೆ’ ಎಂದು ಕೂರಿಸಿ, ದಪ್ಪ ಪೆನ್ನಿನಂತಹ ಕ್ಯಾಮೆರಾವನ್ನು ಅವನ ನೆತ್ತಿಗೆ ಒತ್ತಿ, ಎದುರಿನ ದೊಡ್ಡ ಪರದೆಯ ಮೇಲೆ ಬೆಳ್ಳಗೆ ಹೊಳೆಯುವ ಚರ್ಮವನ್ನೂ ಅದರ ಅಂಚಿನಲ್ಲಿ ಬಾಗಿ ನಿಂತ ನಾಲ್ಕೈದು ಕೂದಲನ್ನೂ ತೋರಿಸಿದರಂತೆ. ಪಕ್ಕದಲ್ಲಿ ‘ಆರೋಗ್ಯವಂತ ನೆತ್ತಿ’ ಎಂಬ ಹೆಸರಿನಲ್ಲಿ ಇನ್ನಾರದೋ ದಟ್ಟ ಕೂದಲಿನ ಚಿತ್ರವಿತ್ತು. ಗೋಡೆಯ ಮೇಲಿನ ಬೊಕ್ಕತಲೆಯ ನಕ್ಷೆಯಲ್ಲಿ ‘ಮೂರನೆಯ ಹಂತ, ವರ್ಟೆಕ್ಸ್ (ನೆತ್ತಿ)’ ಎಂಬಲ್ಲಿ ಬೆರಳಿಟ್ಟು ತೋರಿಸಿ, ಆರು ತಿಂಗಳ ಪ್ಯಾಕೇಜಿಗೆ 45,000 ರೂಪಾಯಿ ಎಂದು ಬರೆದ ಚೀಟಿಯನ್ನು ಕೈಗಿತ್ತರು. ಆ ಚೀಟಿಯನ್ನು ಅವನು ಮೂರು ದಿನ ನಮಗೆ ತೋರಿಸಲಿಲ್ಲ. ಬಚ್ಚಲುಮನೆಯ ದೀಪದ ಕೆಳಗೆ ಮೊಬೈಲನ್ನು ತಲೆಯ ಹಿಂದೆ ಹಿಡಿದು ಫೋಟೋ ತೆಗೆದುಕೊಳ್ಳುವುದು, ತೆಗೆದದ್ದನ್ನು ದೊಡ್ಡದು ಮಾಡಿ ನೋಡುವುದು, ಇಷ್ಟೇ ಆಯಿತು. ಲೋಕಲ್ ಗಾಡಿಯಲ್ಲಿ ಕೂತರೆ ಎದುರಿಗೆ ನಿಂತವರಿಗೆ ತನ್ನ ನೆತ್ತಿ ಕಾಣುತ್ತದೆಂದು, ಸೀಟು ಸಿಕ್ಕಿದರೂ ನಿಂತೇ ಹೋಗತೊಡಗಿದ. ಬೆಳಗಿನ ಗಾಡಿಯಲ್ಲಿ ಸಿಕ್ಕ ಸೀಟನ್ನು ಡೊಂಬಿವಲಿಯವನೊಬ್ಬ ಬಿಟ್ಟುಕೊಡುತ್ತಾನೆಂದರೆ ವಿಷಯ ಗಂಭೀರವೆಂದೇ ಅರ್ಥ.

ಅವನಿಗಿರುವುದು ಎರಡು ಸುಳಿ. ಬಾಣಂತನದಲ್ಲೇ ಅತ್ತೆಯವರು ಅದನ್ನು ಕಂಡು, “ಎರಡು ಸುಳಿಯವನಿಗೆ ಎರಡು ಮದುವೆ” ಎಂದು ಅಂಕೋಲೆಯಿಂದ ಮಗುವನ್ನು ನೋಡಲು ಬಂದವರಿಗೆಲ್ಲ ಹೇಳಿ ನಗಿಸಿದ್ದರು. ಕೆಳಗಿನ ಮನೆಯ ಮರಾಠಿ ಅಜ್ಜಿಯವರು ಸುಳಿಯನ್ನು ‘ಭೋವರಾ’ ಎಂದು ಕರೆದು ಅದೇ ಮಾತನ್ನು ಆಡಿದಾಗ, ಈ ನಂಬಿಕೆ ಎರಡೂ ನಾಡಿನಲ್ಲಿ ಹಬ್ಬಿದ್ದೆಂದು ತಿಳಿಯಿತು. ಎತ್ತು ಕೊಳ್ಳುವಾಗ ಸುಳಿ ನೋಡದೆ ಮುಂಗಡ ಕೊಡದ ಊರಿನವರು ನಾವು; ಆದರೂ ಸುಳಿಯನ್ನು ಕಂಡು ಕೂದಲು ಹೋಗುತ್ತದೆಂದು ಯಾರೂ ಹೆದರಿಸಿದ್ದನ್ನು ನಾನು ಕೇಳಿರಲಿಲ್ಲ. ಇಪ್ಪತ್ತು ವರ್ಷ ತಮಾಷೆಯಾಗಿದ್ದದ್ದು ಒಂದು ಪರದೆಯ ದೆಸೆಯಿಂದ ಕಾಯಿಲೆಯಾಗಿ ಕೂತಿತು.

ಚೀಟಿಯನ್ನು ನೋಡಿದ ಮೇಲೆ ನಾನು ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: ಕ್ಯಾಮೆರಾವನ್ನು ತಲೆಯ ಯಾವ ಜಾಗಕ್ಕೆ ಒತ್ತಿದರು? ಎರಡು ಸುಳಿಗಳಲ್ಲಿ ದೊಡ್ಡದರ ನಟ್ಟನಡುವೆ. ಬೇರೆ ಎಲ್ಲಿಯಾದರೂ ಒತ್ತಿದರೇ? ಇಲ್ಲ.

ಕೂದಲು ಚರ್ಮದಿಂದ ನೆಟ್ಟಗೆ ಮೇಲಕ್ಕೆ ಹೊರಡುವುದಿಲ್ಲ, ಓರೆಯಾಗಿ ಹೊರಡುತ್ತದೆ. ಆದ್ದರಿಂದ ತಲೆಯ ಬಹುಭಾಗದಲ್ಲಿ ಒಂದು ಸಾಲಿನ ಕೂದಲು ಅದರ ಮುಂದಿನ ಸಾಲಿನ ಬುಡದ ಮೇಲೆ ಮಲಗಿ, ಮಂಗಳೂರು ಹಂಚಿನ ಮಾಡಿನಂತೆ ಚರ್ಮವನ್ನು ಮುಚ್ಚುತ್ತದೆ. ಸುಳಿಯಲ್ಲಿ ಕೂದಲುಗಳು ಒಂದು ಬಿಂದುವಿನ ಸುತ್ತ ತಿರುಗುತ್ತ ಎಲ್ಲ ದಿಕ್ಕಿಗೂ ಹೊರಮುಖವಾಗಿ ಮಲಗುವುದರಿಂದ, ಆ ಬಿಂದುವನ್ನು ಹೊದಿಯಲು ಯಾವ ಸಾಲೂ ಉಳಿಯುವುದಿಲ್ಲ. ಮಾಡಿನ ನೆತ್ತಿಗೆ ಮಾತ್ರ ಹಂಚು ಹೊದಿಸದೆ ಬಿಟ್ಟಂತೆ ಅಲ್ಲಿ ಚರ್ಮ ಕಾಣುತ್ತದೆ. ಹೀಗೆ ಕಾಣುವುದಕ್ಕೆ ಕೂದಲು ಕಡಿಮೆಯಾಗಿರಬೇಕಿಲ್ಲ. ಕೂದಲ ಕುಳಿಗಳೂ ಅವುಗಳ ಓರೆಯ ದಿಕ್ಕೂ ಮಗು ಗರ್ಭದಲ್ಲಿರುವಾಗಲೇ ನಿಶ್ಚಯವಾಗುತ್ತವೆ, ಹುಟ್ಟಿದ ಮೇಲೆ ನೆತ್ತಿಯಲ್ಲಿ ಹೊಸ ಕುಳಿಗಳು ಮೂಡುವುದಿಲ್ಲ. ಬಹುಪಾಲು ಜನರಿಗೆ ಒಂದೇ ಸುಳಿ, ಅದೂ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗಿದ್ದು. ಎಡಮುರಿಯವರು ಕಡಿಮೆ, ಎರಡು ಸುಳಿಯವರೂ ಕಡಿಮೆ. ಗಣಿತ ಕಲಿಸುವವಳಾದ್ದರಿಂದ ಇಲ್ಲೊಂದು ಮಾತು ಸೇರಿಸುವ ಆಸೆಯಾಗುತ್ತದೆ: ಮೈತುಂಬ ಕೂದಲಿರುವ ಚೆಂಡೊಂದನ್ನು, ಎಲ್ಲಿಯೂ ಒಂದು ಸುಳಿಯಾಗಲಿ ಬೈತಲೆಯಾಗಲಿ ಉಳಿಯದಂತೆ ನುಣ್ಣಗೆ ಬಾಚುವುದು ಸಾಧ್ಯವೇ ಇಲ್ಲವೆಂದು ಬ್ರೌವರ್ ಎಂಬ ಗಣಿತಜ್ಞರು 1912ರಲ್ಲಿ ಸಾಧಿಸಿ ತೋರಿಸಿದ್ದಾರೆ. ನಮ್ಮ ತಲೆ ಪೂರ್ಣ ಚೆಂಡಲ್ಲವಾದ್ದರಿಂದ ಆ ಪ್ರಮೇಯ ನಮಗೆ ಹಾಗೇ ಅನ್ವಯಿಸುವುದಿಲ್ಲ. ಮಗನ ಮುಖದಲ್ಲಿ ಆ ವಾರ ಮೊದಲ ನಗೆ ತಂದದ್ದಂತೂ ಅದೇ.

ಗೊಂದಲ ಮಾತ್ರ ಸುಳ್ಳಲ್ಲ. ಗಂಡಸರ ಬೊಕ್ಕತಲೆ ಶುರುವಾಗುವ ಎರಡು ಜಾಗಗಳು ಹಣೆಯ ಮೂಲೆಗಳು ಮತ್ತು ಇದೇ ನೆತ್ತಿ. ಮಳಿಗೆಯ ಗೋಡೆಯ ಮೇಲಿದ್ದ ನಕ್ಷೆಯೂ ಕಟ್ಟುಕತೆಯಲ್ಲ: ಜೇಮ್ಸ್ ಹ್ಯಾಮಿಲ್ಟನ್ ಎಂಬವರು 1951ರಲ್ಲಿ ಮಾಡಿದ ವರ್ಗೀಕರಣವನ್ನು ನಾರ್ವುಡ್ ಎಂಬ ವೈದ್ಯರು 1975ರಲ್ಲಿ ತಿದ್ದಿ ವಿಸ್ತರಿಸಿದ್ದು, ಇಂದಿಗೂ ವೈದ್ಯರು ಬಳಸುವಂಥದ್ದು. ಹರೆಯಕ್ಕೆ ಬರುವ ಮುಂಚೆಯೇ ವೃಷಣಗಳನ್ನು ಕಳೆದುಕೊಂಡ ಗಂಡಸರಿಗೆ ತಲೆ ಬೋಳಾಗುವುದಿಲ್ಲವೆಂಬುದನ್ನು ಅದೇ ಹ್ಯಾಮಿಲ್ಟನ್ 1942ರಲ್ಲಿ ಗುರುತಿಸಿದ್ದರಿಂದ, ಇದರಲ್ಲಿ ಗಂಡು ಹಾರ್ಮೋನಿನ ಪಾತ್ರವಿದೆಯೆಂಬುದು ಸ್ಪಷ್ಟವಾಯಿತು. ಆ ಹಾರ್ಮೋನಿನಿಂದ ದೇಹ ತಯಾರಿಸುವ ಡಿಎಚ್‌ಟಿ ಎಂಬ ರೂಪಕ್ಕೆ ಮುಂದಲೆಯ ಮತ್ತು ನೆತ್ತಿಯ ಕುಳಿಗಳು, ಆನುವಂಶಿಕವಾಗಿ ಸೂಕ್ಷ್ಮವಾಗಿದ್ದರೆ, ಕೂದಲು ಉದುರಿ ಮತ್ತೆ ಬೆಳೆಯುವ ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ಕಿರಿದಾಗುತ್ತವೆ. ಅವುಗಳಿಂದ ಹೊರಡುವ ಕೂದಲು ಪ್ರತಿ ಸಲವೂ ಇನ್ನಷ್ಟು ತೆಳ್ಳಗೆ, ಗಿಡ್ಡಗೆ, ಪೇಲವವಾಗಿ ಬರುತ್ತದೆ. ಕಿವಿಗಳ ಮಟ್ಟದಲ್ಲಿರುವ ಹಿಂದಲೆಯ ಕುಳಿಗಳಿಗೆ ಈ ಕಾಟವಿಲ್ಲ, ಬೊಕ್ಕತಲೆಯವರಿಗೂ ಹಿಂದೆ ಒಂದು ಪಟ್ಟಿ ಕೂದಲು ಉಳಿಯುವುದು ಅದಕ್ಕೇ. ಆದ್ದರಿಂದ ನೆತ್ತಿಯಲ್ಲಿ ಚರ್ಮ ಕಾಣುತ್ತದೆಯೇ ಎಂದು ಕೇಳುವುದರಿಂದ ಏನೂ ತಿಳಿಯುವುದಿಲ್ಲ. ನೆತ್ತಿಯ ಕೂದಲು ಅದೇ ಮನುಷ್ಯನ ಹಿಂದಲೆಯ ಕೂದಲಿನಷ್ಟೇ ದಪ್ಪವಿದೆಯೇ ಎಂದು ಕೇಳಬೇಕು. ಮಳಿಗೆಯ ಪರದೆಯ ಮೇಲೆ ಇಲ್ಲದೆ ಹೋದದ್ದು ಆ ಎರಡನೆಯ ಚಿತ್ರ.

ಇನ್ನು ಉಪಕರಣದ ವಿಷಯ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ಕಪ್ಪು ಪ್ಲಾಸ್ಟಿಕ್ ಕೊಳವೆ, ತುದಿಯಲ್ಲಿ ಮಸೂರ, ಅದರ ಸುತ್ತ ಎಂಟು ಎಲ್‌ಇಡಿ ದೀಪಗಳು, ನಡುವೆ ಫೋಕಸ್ ಮಾಡಲು ತಿರುಗಿಸುವ ಬಳೆ, ತಂತಿಯ ಮೇಲೆ ಬೆಳಕು ಹೆಚ್ಚುಕಡಿಮೆ ಮಾಡುವ ಚಿಕ್ಕ ಗಾಲಿ. ಜೊತೆಗೆ ನಿಲ್ಲದೆ ಓಲಾಡುವ ಒಂದು ಸ್ಟ್ಯಾಂಡ್, ಮತ್ತು ಅಳತೆಯ ಗೆರೆಗಳಿರುವ ಒಂದು ಪಾರದರ್ಶಕ ಹಾಳೆ. ಪೆಟ್ಟಿಗೆಯ ಮೇಲೆ ತಯಾರಕರ ಹೆಸರಿಲ್ಲ. ‘1600 ಎಕ್ಸ್’ ಎಂಬುದು ಮಾತ್ರ ನಾಲ್ಕೂ ಬದಿಗೆ ಅಚ್ಚಾಗಿದೆ. ಅಂಗಡಿಯವರು 1,400ರಿಂದ ಇಳಿಯುವಾಗ, ಯಾವ ಮಾಡೆಲ್ಲಿನ ಫೋನು ರಿಪೇರಿ ಮಾಡುತ್ತೀರೆಂದು ಕೇಳಿದರು. ತಲೆ ನೋಡಲು ಎಂದಾಗ ಒಮ್ಮೆ ನನ್ನನ್ನೂ ಒಮ್ಮೆ ಮಗನನ್ನೂ ನೋಡಿ, ಹೆಚ್ಚು ಮಾತಾಡದೆ ಬಿಲ್ಲು ಬರೆದರು.

ಆ ಪಾರದರ್ಶಕ ಹಾಳೆಯೇ ಈ ಪೆಟ್ಟಿಗೆಯಲ್ಲಿರುವ ಅತ್ಯಂತ ಬೆಲೆಬಾಳುವ ವಸ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಗೆ ಬಂದು, ಮೈಕ್ರೋಸ್ಕೋಪನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಕೊಳವೆಯ ತುದಿಯನ್ನು ಹಾಳೆಗೆ ತಾಗಿಸಿ ಫೋಕಸ್ ಮಾಡಿದಾಗ, ಹಾಳೆಯ 1 ಮಿಲಿಮೀಟರ್ ಗೆರೆ ಪರದೆಯ ಮೇಲೆ ಎಷ್ಟು ಉದ್ದ ಕಾಣುತ್ತದೆಂದು ಶಾಲೆಯ ಸ್ಕೇಲಿನಿಂದ ಅಳೆದೆ. ಸರಿಯಾಗಿ 10 ಸೆಂಟಿಮೀಟರ್. ಅಂದರೆ 100 ಪಟ್ಟು. ಪೆಟ್ಟಿಗೆ ಹೇಳುವಂತೆ 1,600 ಪಟ್ಟು ಆಗಿದ್ದರೆ ಒಂದೊಂದು ಕೂದಲೂ ಪರದೆಯ ಮೇಲೆ 11 ಸೆಂಟಿಮೀಟರ್ ಅಗಲದ ಹಲಗೆಯಂತೆ ಕಾಣಬೇಕಿತ್ತು. ಇದು ಶುದ್ಧ ಸುಳ್ಳಾದರೂ ನಮಗೆ ನಷ್ಟವಾಗುವ ಸುಳ್ಳಲ್ಲ, ಏಕೆಂದರೆ ಕೂದಲು ನೋಡಲು 100 ಪಟ್ಟೇ ಹೆಚ್ಚಾಯಿತು. ಚರ್ಮವೈದ್ಯರು ಈ ಕೆಲಸಕ್ಕೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಪಟ್ಟನ್ನೇ ಬಳಸುತ್ತಾರೆ. 10 ಸೆಂಟಿಮೀಟರಿಗೆ 1 ಮಿಲಿಮೀಟರ್ ಎಂಬ ಸುಲಭ ಲೆಕ್ಕ ಸಿಕ್ಕಿದ್ದರಿಂದ, ಪರದೆಯ ಮೇಲೆ 7 ಮಿಲಿಮೀಟರ್ ಅಗಲ ಕಂಡ ಕೂದಲು ನಿಜವಾಗಿ 0.07 ಮಿಲಿಮೀಟರ್ ದಪ್ಪ ಎಂದು ಬರೆದುಕೊಳ್ಳಲು ಎಂಟನೆಯ ತರಗತಿಯ ಗಣಿತವೇ ಸಾಕಾಯಿತು.

ಒಂದು ಭಾನುವಾರ ಬೆಳಿಗ್ಗೆ, ಎಣ್ಣೆ ಹಚ್ಚದ ಒಣ ತಲೆಯೊಂದಿಗೆ ಮಗ ಅಡುಗೆಮನೆಯ ಸ್ಟೂಲಿನ ಮೇಲೆ ಕೂತ. ಮೊದಲು ಹಿಂದಲೆ. ಬೇರೆ ಬೇರೆ ಜಾಗಗಳಿಂದ 30 ಕೂದಲನ್ನು ಅಳೆದೆವು. ಒಂದನ್ನು ಬಿಟ್ಟರೆ ಎಲ್ಲವೂ 0.06 ಮತ್ತು 0.08 ಮಿಲಿಮೀಟರಿನ ನಡುವೆ. ಆಮೇಲೆ ಸುಳಿ. ಅದರ ನಟ್ಟನಡುವೆ ಇಟ್ಟಾಗ ಮಳಿಗೆಯಲ್ಲಿ ಕಂಡದ್ದೇ ಇಲ್ಲೂ ಕಂಡಿತು: ಹೊಳೆಯುವ ಚರ್ಮ, ಅಂಚಿಗೆ ಸರಿದ ಕೂದಲು. ಕೊಳವೆಯನ್ನು ಅರ್ಧ ಸೆಂಟಿಮೀಟರಿನಷ್ಟು ಪಕ್ಕಕ್ಕೆ ಜರುಗಿಸಿದ ಕೂಡಲೇ ದೃಶ್ಯವೇ ಬೇರೆಯಾಯಿತು. ಒಂದೊಂದು ರಂಧ್ರದಿಂದ ಎರಡು, ಕೆಲವು ಕಡೆ ಮೂರು ಕೂದಲುಗಳು, ಒಂದೇ ಹಿಡಿಯಿಂದ ಹೊರಟ ಭತ್ತದ ಸಸಿಗಳಂತೆ ಜೊತೆಯಾಗಿ ಎದ್ದು, ಎಲ್ಲವೂ ಬಲಕ್ಕೆ ಬಾಗಿದ್ದವು. ಅಲ್ಲಿಯೂ 30 ಕೂದಲು ಅಳೆದೆವು. 28 ದಪ್ಪ, ಎರಡು ಮಾತ್ರ 0.03ರ ಆಸುಪಾಸು. ಒಂದೇ ಜಾಗದ ಕೂದಲುಗಳಲ್ಲಿ ಶೇಕಡಾ 20ಕ್ಕಿಂತ ಹೆಚ್ಚಿನವು ದಪ್ಪದಲ್ಲಿ ಏರುಪೇರಾಗಿದ್ದರೆ ಆನುವಂಶಿಕ ಬೊಕ್ಕತಲೆಯ ಆರಂಭವನ್ನು ಶಂಕಿಸಬೇಕೆಂಬುದು ಚರ್ಮವೈದ್ಯರ ರೂಢಿಯ ಅಳತೆ. ಇವನದು 30ಕ್ಕೆ ಎರಡು. ಪಟ್ಟಿಯನ್ನು ಅವನೇ ಬರೆದುಕೊಂಡದ್ದರಿಂದ ನಾನು ಸಮಾಧಾನಕ್ಕಾಗಿ ಹೇಳುತ್ತಿದ್ದೇನೆಂಬ ಅನುಮಾನಕ್ಕೆ ಎಡೆಯಿರಲಿಲ್ಲ.

ಹಾಗಾದರೆ ಅಕ್ಟೋಬರಿನಲ್ಲಿ ಕಾಣದ ಸುಳಿ ನವೆಂಬರಿನಲ್ಲಿ ಕಂಡದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಮೈಕ್ರೋಸ್ಕೋಪಲ್ಲ, ಸ್ಟೇಷನ್ನಿನ ಪೂರ್ವಕ್ಕಿರುವ ಕ್ಷೌರದಂಗಡಿಯವರು. ಹುಡುಗ ದೀಪಾವಳಿಯ ಹೊತ್ತಿಗೆ ಮೆಷಿನ್ ಹಾಕಿಸಿ ಹಿಂದೆ ತೀರ ಗಿಡ್ಡ ಮಾಡಿಸಿಕೊಂಡಿದ್ದ. ಎರಡು ಭೋವರಾ ಇರುವ ತಲೆಗೆ ನೆತ್ತಿಯಲ್ಲಿ ಅರ್ಧ ಇಂಚು ಹೆಚ್ಚು ಬಿಡಬೇಕು, ಇಲ್ಲದಿದ್ದರೆ ಒಂದು ಸುಳಿಯ ಕೂದಲು ಇನ್ನೊಂದರ ಕೂದಲನ್ನು ನೂಕಿ ನಡುವೆ ಜುಟ್ಟಿನಂತೆ ಎದ್ದು ನಿಲ್ಲುತ್ತದೆ, ಸುಳಿಗಳು ಬಾಯಿ ತೆರೆದುಕೊಳ್ಳುತ್ತವೆ ಎಂದು ಅವರು ಕತ್ತರಿಯಾಡಿಸುತ್ತಲೇ ಹೇಳಿದರು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ ಜನವರಿಯ ಹೊತ್ತಿಗೆ ಅದು ತಾನಾಗಿ ಸರಿಹೋಯಿತು. ಅವರು ಇದಕ್ಕೆ ಬೇರೆ ಹಣ ಕೇಳಲಿಲ್ಲ.

ಈ ಉಪಕರಣ ನನ್ನ ತಲೆಗೂ ಬಂತು. ಸೆಪ್ಟೆಂಬರಿನಲ್ಲಿ ನನಗೆ ಡೆಂಗಿ ಬಂದು ಹೋಗಿತ್ತು. ನವೆಂಬರಿನ ಕೊನೆಗೆ ಬಾಚಣಿಗೆ ತುಂಬ, ದಿಂಬಿನ ಮೇಲೆ, ಬಚ್ಚಲಿನ ಜಾಲರಿಯಲ್ಲಿ ಕೂದಲು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜವೆಂದು ಗೊತ್ತಿದ್ದರೂ, ಒಂದು ದಿನ ಹಟಕ್ಕೆ ಬಿದ್ದು ಎಣಿಸಿದಾಗ 240 ಆಗಿತ್ತು. ಬೈತಲೆ ಅಗಲವಾದಂತೆ ಕಂಡಿತು. ಹೆಂಗಸರಲ್ಲಿ ಆನುವಂಶಿಕವಾಗಿ ಕೂದಲು ತೆಳ್ಳಗಾಗುವಾಗ ಹಣೆಯ ಅಂಚು ಹಾಗೇ ಉಳಿದು ಬೈತಲೆಯ ಸುತ್ತ ವಿರಳವಾಗುತ್ತದೆಂದು ಲುಡ್ವಿಗ್ ಎಂಬ ವೈದ್ಯರು 1977ರಲ್ಲಿ ಗುರುತಿಸಿದ ಕ್ರಮವೇ ಇದೆಂದು ಹೆದರಿಕೆಯಾಯಿತು. ಉದುರಿದ ಕೂದಲೊಂದರ ಬುಡವನ್ನು ಮಸೂರದ ಕೆಳಗಿಟ್ಟಾಗ ಬಿಳಿಯ ಗುಂಡಿಯಂಥದ್ದು ಕಂಡು, ಬೇರು ಸಮೇತ ಹೋಯಿತೆಂದೇ ಅಂದುಕೊಂಡೆ. ಅದು ಬೇರಲ್ಲವಂತೆ. ತಲೆಯ ಕೂದಲಿನಲ್ಲಿ ಶೇಕಡಾ 85ರಿಂದ 90ರಷ್ಟು ಯಾವಾಗಲೂ ಬೆಳೆಯುವ ಹಂತದಲ್ಲಿರುತ್ತದೆ, ಆ ಹಂತ ವರ್ಷಗಟ್ಟಲೆ ನಡೆಯುತ್ತದೆ. ಉಳಿದದ್ದು ಸುಮಾರು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು ಉದುರುತ್ತದೆ. ಜೋರಾದ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಊಟ ಬಿಟ್ಟು ತೂಕ ಇಳಿಸುವುದು, ಇಂಥ ಆಘಾತಗಳು ಬೆಳೆಯುತ್ತಿದ್ದ ಕೂದಲುಗಳನ್ನು ಒಟ್ಟಿಗೇ ವಿಶ್ರಾಂತಿಗೆ ದೂಡುತ್ತವೆ, ಎರಡು ಮೂರು ತಿಂಗಳ ಮೇಲೆ ಅವೆಲ್ಲ ಒಟ್ಟಿಗೇ ಬೀಳುತ್ತವೆ. ಆ ಬಿಳಿಯ ಗುಂಡಿ ವಿಶ್ರಾಂತಿ ಮುಗಿಸಿದ ಕೂದಲಿನ ಗುರುತು; ಕುಳಿ ಚರ್ಮದೊಳಗೇ ಉಳಿದಿರುತ್ತದೆ. ಫೆಬ್ರವರಿಯಲ್ಲಿ ಬೈತಲೆಯುದ್ದಕ್ಕೂ ಚೂಪು ತುದಿಯ ಗಿಡ್ಡ ಕೂದಲುಗಳು ನೆಟ್ಟಗೆ ನಿಂತದ್ದನ್ನು ಪರದೆಯಲ್ಲಿ ಕಂಡೆ. ಅವು ಹೊಸದಾಗಿ ಬೆಳೆಯುತ್ತಿರುವವೋ, ಕಿರಿದಾದ ಕುಳಿಯಿಂದ ಬಂದ ಸಣಕಲು ಕೂದಲುಗಳೋ ಎಂಬುದನ್ನು ಈ ಉಪಕರಣ ನನಗೆ ಹೇಳಲಿಲ್ಲ. ಇದರ ಸಾಮರ್ಥ್ಯ ಇಲ್ಲಿಗೆ ಮುಗಿಯಿತೆಂದು ಅನ್ನಿಸಿ, ಮಗನನ್ನೂ ಕರೆದುಕೊಂಡು ಚರ್ಮವೈದ್ಯರಲ್ಲಿಗೆ ಹೋದೆ.

ಮುಂಬಯಿಯ ದೊಡ್ಡ ಸಾರ್ವಜನಿಕ ಆಸ್ಪತ್ರೆಯೊಂದರ ಹೊರರೋಗಿ ವಿಭಾಗವದು. ಕೇಸ್ ಪೇಪರಿನ ಸಾಲು ಬಹಳ ಉದ್ದ, ವೈದ್ಯರ ಮುಂದೆ ಸಿಕ್ಕ ಸಮಯ ಬಹಳ ಗಿಡ್ಡ. ಆದರೆ ಆ ಹತ್ತು ನಿಮಿಷದಲ್ಲಿ ಆ ಡಾಕ್ಟರು ಮಾಡಿದ್ದನ್ನು ನೋಡಿಯೇ ಮನೆಯ ಉಪಕರಣದ ಬೆಲೆ ಎಷ್ಟೆಂದು ತಿಳಿದದ್ದು. ಮೊದಲು ಬರಿಗಣ್ಣಿನಿಂದ ಇಡೀ ತಲೆ. ಆಮೇಲೆ ಐವತ್ತು ಅರುವತ್ತು ಕೂದಲಿನ ಒಂದು ಎಳೆಯನ್ನು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಯವರೆಗೆ ಮೆಲ್ಲನೆ ಎಳೆದು, ಕೈಯಲ್ಲಿ ಉಳಿದವನ್ನು ಎಣಿಸಿದರು. ಕೊನೆಗೆ ಅಂಗೈಯಗಲದ ಡರ್ಮೋಸ್ಕೋಪ್. ಹತ್ತು ಪಟ್ಟು ಮಾತ್ರ ದೊಡ್ಡದು ಮಾಡುವ, ಚರ್ಮದ ಹೊಳಪನ್ನು ಅಡಗಿಸುವ ಬೆಳಕಿನದು. ಮುಂದಲೆ, ನೆತ್ತಿ, ಹಿಂದಲೆ, ಮೂರೂ ಕಡೆ ನೋಡಿದರು. ಮಗನಿಗೆ ಏನೂ ಇಲ್ಲವೆಂದರು. ತಂದೆಯವರದು ಬೊಕ್ಕತಲೆಯೇ ಎಂದು ಕೇಳಿ, ಹಾಗಿದ್ದರೆ ಮುಂದೆಂದಾದರೂ ಬರಬಹುದು, ಬರದೆಯೂ ಇರಬಹುದು ಎಂದರು. ಬೊಕ್ಕತಲೆ ತಾಯಿಯ ಕಡೆಯಿಂದಲೇ ಬರುತ್ತದೆಂಬ ಮಾತು ಅರ್ಧ ಸತ್ಯ: ಹಾರ್ಮೋನನ್ನು ಗ್ರಹಿಸುವ ಒಂದು ಮುಖ್ಯ ಜೀನ್ ತಾಯಿಯಿಂದ ಬರುವ ಎಕ್ಸ್ ವರ್ಣತಂತುವಿನಲ್ಲಿದೆ, ಉಳಿದ ಹಲವು ಜೀನುಗಳು ಇಬ್ಬರಿಂದಲೂ ಬರುತ್ತವೆ. ನನಗೆ ರಕ್ತಪರೀಕ್ಷೆ ಬರೆದುಕೊಟ್ಟು, ಬರೆಯುವ ಮುನ್ನ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತಿನ್ನುತ್ತಿದ್ದೀರಾ ಎಂದು ಕೇಳಿದರು. ಹೆಚ್ಚಿನ ಪ್ರಮಾಣದ ಬಯೋಟಿನ್ ಥೈರಾಯ್ಡಿನಂತಹ ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಈ ಬಗ್ಗೆ ಎಚ್ಚರಿಸಿದೆ. ಮಾಲ್ ಮಳಿಗೆಯ ಚೀಟಿಯಲ್ಲಿ ಮೊದಲ ಸಾಲೇ ಬಯೋಟಿನ್ ಆಗಿತ್ತು. ನನ್ನ ಥೈರಾಯ್ಡ್ ಸರಿಯಿತ್ತು, ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಕಡಿಮೆಯಿತ್ತು; ಕಬ್ಬಿಣದ ಮಾತ್ರೆ ಮತ್ತು ತಾಳ್ಮೆ, ಎರಡನ್ನೂ ಬರೆದುಕೊಟ್ಟರು.

ಆ ಚೀಟಿಯ ಉಳಿದ ಸಾಲುಗಳ ಬಗ್ಗೆ ಎರಡು ಮಾತು. ಮಿನಾಕ್ಸಿಡಿಲ್ ಎಂಬುದು ಮೂಲತಃ ರಕ್ತದೊತ್ತಡದ ಮಾತ್ರೆ. ಅದನ್ನು ತಿಂದವರಿಗೆ ಮೈಮೇಲೆ ಕೂದಲು ಬೆಳೆದದ್ದರಿಂದ ತಲೆಗೆ ಹಚ್ಚುವ ದ್ರವವಾಯಿತು, 1988ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ನಿಜವಾಗಿ ಬೊಕ್ಕತಲೆ ಶುರುವಾದವರಿಗೆ ಅದರಿಂದಲೂ, 1997ರಲ್ಲಿ ಇದೇ ಕೆಲಸಕ್ಕೆ ಅನುಮತಿ ಪಡೆದ ಫಿನಾಸ್ಟೆರೈಡ್ ಮಾತ್ರೆಯಿಂದಲೂ ಪ್ರಯೋಜನವುಂಟು, ಅಡ್ಡಪರಿಣಾಮಗಳೂ ಉಂಟು. ಮಿನಾಕ್ಸಿಡಿಲ್ ಹಚ್ಚಿದ ಮೊದಲ ವಾರಗಳಲ್ಲಿ ಕೂದಲು ಹೆಚ್ಚು ಉದುರಬಹುದು, ಫಲ ಕಾಣಲು ತಿಂಗಳುಗಳು ಬೇಕು, ಬಿಟ್ಟರೆ ಬಂದದ್ದು ಹೋಗುತ್ತದೆ. ಬರಿಯ ಸುಳಿಯನ್ನು ಕಂಡು ಹೆದರಿ ಇದನ್ನು ಶುರುಮಾಡಿದ ಹುಡುಗನಿಗೆ ಗುಣವಾಗಲು ರೋಗವೇ ಇಲ್ಲ, ನಿಲ್ಲಿಸಲು ಧೈರ್ಯವೂ ಬರುವುದಿಲ್ಲ. ಬೊಕ್ಕತಲೆಯನ್ನು ವಾಸಿಮಾಡುತ್ತೇವೆಂದು ಯಾವ ಔಷಧವೂ ಹೇಳಿಕೊಳ್ಳಬಾರದೆಂದು ನಮ್ಮ ದೇಶದ 1945ರ ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲೇ ಇದೆ ಎಂಬುದನ್ನು, ಚೀಟಿಯ ಮೇಲೆ ‘ಗ್ಯಾರಂಟಿ’ ಎಂದು ಬರೆದವರು ಓದಿರಲಿಕ್ಕಿಲ್ಲ.

ಮತ್ತೆ ಉಪಕರಣಕ್ಕೆ ಬರುತ್ತೇನೆ, ಏಕೆಂದರೆ ದೂರುಗಳು ಇನ್ನೂ ಬಾಕಿಯಿವೆ. ಫೋಕಸ್ ಸಿಗುವುದು ಚರ್ಮಕ್ಕೆ ತಾಗಿಸಿದಾಗ ಮಾತ್ರ, ತಾಗಿಸಿದಾಗ ಮಗ ಉಸಿರಾಡಿದರೂ ಚಿತ್ರ ಅಲುಗುತ್ತದೆ. 100 ಪಟ್ಟಿನಲ್ಲಿ ನಮ್ಮ ಪರದೆಗೆ ಹಿಡಿಸುವುದು ತಲೆಯ 3 ಮಿಲಿಮೀಟರ್ ಮಾತ್ರ. ಬಾಗಿಲ ಸಂದಿಯಿಂದ ಜಾತ್ರೆ ನೋಡಿದ ಹಾಗೆ. ಆ ಸಂದಿಯನ್ನು ಎಲ್ಲಿಡುತ್ತೀರಿ ಎಂಬುದರ ಮೇಲೆ ಜಾತ್ರೆ ತುಂಬಿದೆಯೋ ಬಿಕೋ ಎನ್ನುತ್ತಿದೆಯೋ ನಿಂತಿದೆ, ಮಳಿಗೆಯವರ ಕೈಚಳಕವೂ ಅಷ್ಟೇ. ಎಣ್ಣೆ ಹಚ್ಚಿದ ತಲೆಯ ಮೇಲೆ ಎಲ್‌ಇಡಿ ಬೆಳಕು ಕನ್ನಡಿಯಂತೆ ಹೊಳೆದು ಏನೂ ಕಾಣುವುದಿಲ್ಲ. ಹತ್ತು ನಿಮಿಷಕ್ಕೆ ತುದಿ ಬಿಸಿಯಾಗುತ್ತದೆ. ಫೋನಿಗೆ ಜೋಡಿಸಲು ಪೆಟ್ಟಿಗೆಯಲ್ಲಿ ಸೂಚಿಸಿದ ಆ್ಯಪ್, ಚಿತ್ರ ತೋರಿಸುವ ಮೊದಲು ನಮ್ಮ ಸಂಪರ್ಕಗಳ ಪಟ್ಟಿಯನ್ನೂ ಇರುವ ಜಾಗವನ್ನೂ ಕೇಳಿದ್ದರಿಂದ ಅದನ್ನು ತೆಗೆದುಹಾಕಿ ಲ್ಯಾಪ್‌ಟಾಪಿನ ಸಾಮಾನ್ಯ ಕ್ಯಾಮೆರಾ ತಂತ್ರಾಂಶವನ್ನೇ ಬಳಸಿದೆವು. ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗುವಾಗ ಸ್ಪಿರಿಟ್ಟಿನಲ್ಲಿ ಒರೆಸಬೇಕು. ಇದನ್ನು ಕೈಪಿಡಿ ಹೇಳುವುದಿಲ್ಲ, ಬೆಸುಗೆಗೆ ಹೊಟ್ಟಾಗುವುದಿಲ್ಲವಲ್ಲ.

ಎಲ್ಲಕ್ಕಿಂತ ದೊಡ್ಡ ದೋಷ ಉಪಕರಣದ್ದಲ್ಲ, ಮನೆಯಲ್ಲಿ ಅದು ಸುಮ್ಮನೆ ಬಿದ್ದಿರುವುದರದ್ದು. ಮೊದಲ ವಾರ ಮಗ ದಿನಕ್ಕೆ ಮೂರು ಸಲ ನೆತ್ತಿ ನೋಡಿಕೊಂಡ. ತಿಂಗಳಿಗೊಂದು ಸೆಂಟಿಮೀಟರ್ ಬೆಳೆಯುವ ವಸ್ತುವನ್ನು ಗಂಟೆಗೊಮ್ಮೆ ಅಳೆಯುವುದರಲ್ಲಿ ಅರ್ಥವಿಲ್ಲವೆಂದು ಹೇಳಿ, ಅದನ್ನು ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಈಗ ಮೂರು ತಿಂಗಳಿಗೊಮ್ಮೆ, ಒಣ ತಲೆಗೆ, ಅದೇ ಕಿಟಕಿಯ ಹಗಲು ಬೆಳಕಿನಲ್ಲಿ, ಅದೇ ದೂರದಿಂದ, ಅಷ್ಟೇ ಉದ್ದದ ಕೂದಲಿರುವಾಗ ಫೋನಿನಲ್ಲಿ ಒಂದು ಫೋಟೋ. ಅದರಲ್ಲಿ ಹಿಂದಿನದಕ್ಕಿಂತ ಬೇರೆ ಕಂಡರೆ ಮಾತ್ರ ಮೈಕ್ರೋಸ್ಕೋಪ್. ಒದ್ದೆ ತಲೆಯ, ಲಿಫ್ಟಿನ ದೀಪದಡಿಯ ಫೋಟೋಗಳನ್ನು ಅವನ ಫೋನಿನಿಂದ ಅಳಿಸಿಸಿದ್ದೇನೆ, ಏಕೆಂದರೆ ಮೇಲಿಂದ ಬೀಳುವ ಬೆಳಕಿನಲ್ಲಿ ಒದ್ದೆ ಕೂದಲು ಎಳೆ ಎಳೆಯಾಗಿ ಅಂಟಿಕೊಂಡು ಯಾರ ಸುಳಿಯಾದರೂ ಬಯಲಿನಂತೆ ಕಾಣುತ್ತದೆ. ಏಪ್ರಿಲ್ ಮೊದಲ ವಾರದ ಫೋಟೋ ಜನವರಿಯದರ ಹಾಗೆಯೇ ಇದೆ.

ಮೂರನೆಯ ತಲೆ ನಮ್ಮವರದು. ಐವತ್ನಾಲ್ಕು ವಯಸ್ಸು, ನೆತ್ತಿಯಲ್ಲಿ ಪೂರಿಯಗಲದ ಬಯಲು, ಚಿಂತೆ ಎಳ್ಳಷ್ಟೂ ಇಲ್ಲ. “ನನ್ನದರಲ್ಲಿ ನೋಡಲು ಏನಿದೆ?” ಎಂದು ನಗುತ್ತಲೇ ಸ್ಟೂಲಿನ ಮೇಲೆ ಕೂತರು. ಬಯಲಿನ ಅಂಚಿನಲ್ಲಿ ಪುಸ್ತಕದಲ್ಲಿ ಓದಿದ್ದೆಲ್ಲ ಸಾಲಾಗಿ ಕಂಡಿತು: ಪಕ್ಕಪಕ್ಕದಲ್ಲೇ 0.07ರದೊಂದು, 0.04ರದೊಂದು, 0.02ರದೊಂದು ಕೂದಲು, ಎರಡು ಮೂರು ಒಟ್ಟಿಗೆ ಏಳಬೇಕಾದ ರಂಧ್ರಗಳಿಂದ ಒಂಟಿ ಕೂದಲುಗಳು. ಮಗ ಅದನ್ನು ತನ್ನ ಪಟ್ಟಿಯೊಂದಿಗೆ ಹೋಲಿಸಿ ಬಹಳ ಹೊತ್ತು ನೋಡಿದ. ಬರಿಗಣ್ಣಿಗೆ ನುಣ್ಣಗಿದ್ದ ಬಯಲಿನ ನಡುವೆ ಪೀಚಿನ ಸಿಪ್ಪೆಯ ಮೇಲಿರುವಂಥ ಬಣ್ಣವಿಲ್ಲದ ನವಿರು ರೋಮ ಪರದೆಯ ತುಂಬ ಕಂಡಾಗ ಮೂವರೂ ಸುಮ್ಮನಾದೆವು. ಸುಳಿಯ ಕೇಂದ್ರ ಎಲ್ಲಿತ್ತೆಂದು ಅವರಿಗೂ ನೆನಪಿರಲಿಲ್ಲ, ಮದುವೆಯ ಫೋಟೋಗಳಲ್ಲಿ ಪೇಟ. ರೋಮಗಳು ಬಾಗಿದ ದಿಕ್ಕನ್ನು ಹಿಡಿದು ಕೊಳವೆಯನ್ನು ಮೆಲ್ಲಗೆ ಜರುಗಿಸುತ್ತ ಹೋದಾಗ ಬಿಂದು ಸಿಕ್ಕಿತು. ಅದರ ಸುತ್ತ ಅವು ಇನ್ನೂ ಬಲಕ್ಕೇ ತಿರುಗುತ್ತಿದ್ದವು.

ಯಾರು ಕೊಳ್ಳಬಹುದು ಎಂದರೆ, ಅಳೆದು ಬರೆದುಕೊಳ್ಳುವ ಅಭ್ಯಾಸವಿರುವವರು, ಎರಡು ಜಾಗಗಳನ್ನು ಹೋಲಿಸುವ ತಾಳ್ಮೆಯಿರುವವರು, ಬೀಗವಿರುವ ಕಪಾಟು ಇರುವವರು ಕೊಳ್ಳಬಹುದು. ಅವರಿಗೆ 1,100 ರೂಪಾಯಿ ಹೆಚ್ಚಲ್ಲ. ಕೂದಲಿನ ಚಿಂತೆಯಲ್ಲಿ ಈಗಾಗಲೇ ನಿದ್ದೆಗೆಟ್ಟವರು ಅದೇ ಹಣವನ್ನು ಚರ್ಮವೈದ್ಯರ ಶುಲ್ಕಕ್ಕೆ ಇಟ್ಟುಕೊಳ್ಳುವುದು ಮೇಲು. ತಲೆಯಲ್ಲಿ ನೋವು, ಉರಿ, ಹೊಟ್ಟಿನ ಪದರ, ನಾಣ್ಯದಗಲಕ್ಕೆ ಏಕಾಏಕಿ ಬೋಳಾದ ಜಾಗ ಇವುಗಳಲ್ಲಿ ಯಾವುದಿದ್ದರೂ ಈ ಕೊಳವೆಯನ್ನು ಮುಟ್ಟದೆ ನೇರವಾಗಿ ವೈದ್ಯರಲ್ಲಿಗೇ ಹೋಗಬೇಕು. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಅದರಲ್ಲಿ ಎರಡು ಆ ಪಾರದರ್ಶಕ ಹಾಳೆಗೆ.

ಮಾರ್ಚಿನಲ್ಲಿ ಆ ಹಾಳೆಯೇ ಎಲ್ಲೋ ಕಳೆದುಹೋಯಿತು. ಇನ್ನೊಂದು ಸಿಗುತ್ತದೆಯೇ ಎಂದು ಅದೇ ಅಂಗಡಿಗೆ ಹೋದಾಗ ಅಂಗಡಿಯವರಿಗೆ ನನ್ನ ಗುರುತು ಹತ್ತಿತು. ಹಾಳೆಯನ್ನು ಹುಡುಕಿ ಕೊಟ್ಟು, 20 ರೂಪಾಯಿ ತೆಗೆದುಕೊಂಡು, ಹುಡುಗನ ತಲೆ ಏನಾಯಿತೆಂದು ಕೇಳಿದರು. ಹೇಳಿದೆ. ಗಿರಾಕಿಗಳಿಲ್ಲದ ಹೊತ್ತು, ಅವರು ಆಚೀಚೆ ನೋಡಿ, ಪ್ರದರ್ಶನಕ್ಕಿಟ್ಟಿದ್ದ ಮೈಕ್ರೋಸ್ಕೋಪನ್ನು ನನ್ನ ಕೈಗೆ ಕೊಟ್ಟು, ಗಲ್ಲಾಪೆಟ್ಟಿಗೆಯ ಮೇಲೆ ತಲೆ ಬಗ್ಗಿಸಿ, ನೆತ್ತಿಯ ಸುಳಿಯ ಮೇಲೆ ಬೆರಳಿಟ್ಟು ತೋರಿಸಿದರು. ಮೊದಲು ಹಿಂದಕ್ಕೆ ತಿರುಗಿ ಎಂದೆ.